ಕ್ಯಾನಿನ ತಳದ ನೀರು

ಸವಳಂಗ
19-11-2024, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಪರಶುರಾಮನಿಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು. ಹೇಗಿದ್ದೀಯಪ್ಪಾ? ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲಿದ್ದಾಗಿನಂತೆ ಮಧ್ಯಾಹ್ನದ್ದನ್ನು ಸಂಜೆ ನಾಲ್ಕಕ್ಕೆ ತಿನ್ನುತ್ತೀಯಾ? ಪಕ್ಕದ ಮನೆ ಬೀರಲಿಂಗಪ್ಪನವರ ಹಿರಿಮಗಳು ಸಾವಂತ್ರಮ್ಮ ತಂಗಿಯ ಸೀಮಂತಕ್ಕೆಂದು ಭಾನುವಾರ ಬಂದಳು. ಚೀಲ ಕೆಳಗಿಡುವ ಮೊದಲೇ, ತನ್ನ ಗಂಡನ ಊರು ಸೊಕ್ಕೆಯಲ್ಲಿ ನಿನ್ನನ್ನು ಕಂಡೆನೆಂದು ಹೇಳಿದಳು. ಎರಡೂವರೆ ತಿಂಗಳಿಂದ ನಿನ್ನ ಫೋನು ಸ್ವಿಚ್ ಆಫ್. ನೀನು ಬದುಕಿದ್ದೀಯೆಂದು ನನಗೆ ಖಾತ್ರಿಯಾದದ್ದು ಆ ಗಳಿಗೆಯಲ್ಲಿ. ಈರುಳ್ಳಿ ಮೂಟೆ ಹೊತ್ತು ಲಾರಿಗೆ ಹಾಕುವ ಕೆಲಸ ಮಾಡುತ್ತೀಯಂತೆ. ಆ ಬೆನ್ನಿಟ್ಟುಕೊಂಡು ಮೂಟೆ ಹೊರುವುದೇ ಎಂದು ನಾನು ಕೇಳುವಷ್ಟರಲ್ಲಿ ಅವಳು ಇನ್ನೊಂದು ಮಾತು ಹೇಳಿದಳು. ‘ನಿಮ್ಮ ಮೈದ್ನ ಸ್ಟೇರಿಂಗ್ ಮುಟ್ಟಾಕೇ ಒಲ್ಲ ಕಣಕ್ಕ. ಲಾರಿ ಒಂಚೂರು ಹಿಂದಕ್ಕೆ ತಗಿ ಅಂದ್ರೂ, ನಂಗೆ ಗಾಡಿ ಓಡ್ಸಾಕೆ ಬರಲ್ಲ ಅಂತಾನಂತೆ.’ ಹದಿನೈದು ವರ್ಷ ಗಾಡಿ ಓಡಿಸಿದವನು, ಈ ವಯಸ್ಸಿನಲ್ಲಿ ನನಗೂ ಕಲಿಸಿದವನು, ನನಗೆ ಬರುವುದಿಲ್ಲ ಎನ್ನುವುದೇ? ಬೀರಲಿಂಗಪ್ಪನವರ ಪಡಸಾಲೆಯಲ್ಲಿ ಅವರು ಕೊಟ್ಟ ಕಾಫಿ ನನ್ನ ಕೈಯಲ್ಲೇ ಆರಿಹೋಯಿತು.

ನಾವು ಹೇಗಿದ್ದೇವೆಂದು ಬರೆಯಬೇಕು. ನಿಮ್ಮಣ್ಣ ಇದ್ದಾರೆ, ನಾನಿದ್ದೇನೆ. ಅವ್ವನ ವಿಷಯವನ್ನು ಕೊನೆಯಲ್ಲಿ ಬರೆಯುತ್ತೇನೆ. ದಯವಿಟ್ಟು ಪುಟ ತಿರುಗಿಸಿ ಅದನ್ನೇ ಮೊದಲು ಓದಬೇಡ. ಬರೀ ಅವ್ವನಿಗಾಗಿ ಬಾ ಎಂದರೆ ನೀನು ಬರುತ್ತೀಯೆಂದು ನನಗೆ ಗೊತ್ತು. ಬಂದು, ಮಾಡಬೇಕಾದದ್ದನ್ನು ಮಾಡಿ, ತಲೆ ತಗ್ಗಿಸಿಕೊಂಡೇ ಮತ್ತೆ ಹೊರಟುಹೋಗುತ್ತೀಯೆಂದೂ ಗೊತ್ತು. ನೀನು ತಲೆಯೆತ್ತಿ ಬರಬೇಕು, ಅದಕ್ಕೇ ಸಾವಂತ್ರಮ್ಮನ ಗಂಡನ ಫೋನಿನಲ್ಲಿ ಹೇಳಿಸದೆ ಈ ಕಾಗದ. ಅದಕ್ಕೆ ನೀನು ಮೊದಲು ತಿಳಿಯಬೇಕಾದ ವಿಷಯ ಇಷ್ಟು: ನಮ್ಮ ಗಾಡಿಯ ಡೀಸೆಲ್ ಟ್ಯಾಂಕಿಗೆ ನೀರು ಹಾಕಿದವನು ನೀನಲ್ಲ ಎಂಬುದು ಈಗ ಈ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ಅದು ಹೇಗೆ ಗೊತ್ತಾಯಿತೆಂಬುದನ್ನು ಒಂದೊಂದಾಗಿ ಬರೆಯುತ್ತೇನೆ. ಸಾವಂತ್ರಮ್ಮ ಹನ್ನೊಂದರ ಬಸ್ಸಿಗೆ ಹೊರಡುತ್ತಾಳೆ. ಅಷ್ಟರೊಳಗೆ ಬರೆದು ಮುಗಿಸಬೇಕು.

ಜೂನ್ ತಿಂಗಳಲ್ಲಿ ಒಂದು ದಿನ ಗಾಡಿಯಲ್ಲಿ ಡೀಸೆಲ್ ಮುಗಿದು, ಬಂಕು ತೆರೆಯುವವರೆಗೆ ಕಾದು, ನಾವು ಹೊನ್ನಾಳಿ ಆಸ್ಪತ್ರೆ ತಲುಪಲು ಒಂದೂವರೆ ಗಂಟೆ ತಡವಾದದ್ದು ನಿನಗೆ ನೆನಪಿರಬೇಕು. ಅವ್ವನ ಡಯಾಲಿಸಿಸ್ ಪಾಳಿ ಸೋಮವಾರ, ಗುರುವಾರ ಬೆಳಿಗ್ಗೆ ಆರಕ್ಕೆ. ನಾವು ಇಲ್ಲಿಂದ ಐದಕ್ಕೇ ಹೊರಡಬೇಕು. ಆ ಹೊತ್ತಿಗೆ ಯಾವ ಬಂಕೂ ತೆರೆದಿರುವುದಿಲ್ಲ. ಅಂದಿನಿಂದ ಮನೆಯಲ್ಲಿ ಹತ್ತು ಲೀಟರಿನ ಒಂದು ಕ್ಯಾನು ಸದಾ ತುಂಬಿರಬೇಕೆಂದು ನೀನೇ ಕಟ್ಟಳೆ ಮಾಡಿದೆ. ಪಾಳಿಯ ದಿನ ಬೆಳಿಗ್ಗೆ ಕ್ಯಾನಿನ ಡೀಸೆಲ್ ಗಾಡಿಗೆ ಸುರಿಯುವುದು, ಮರುದಿನ ಬೈಕಿನಲ್ಲಿ ಖಾಲಿ ಕ್ಯಾನು ಕಟ್ಟಿಕೊಂಡು ನ್ಯಾಮತಿಗೆ ಹೋಗಿ ತುಂಬಿಸಿ ತರುವುದು. ಎಷ್ಟು ಒಳ್ಳೆಯ ಏರ್ಪಾಡು ಎಂದು ನಾನು ಹೊಗಳಿದ್ದೆ. ಜುಲೈ ಕೊನೆಗೆ ಮೀಟರಿನ ಪಕ್ಕದಲ್ಲಿ ಆ ಹಳದಿ ದೀಪ ಮೊದಲ ಸಲ ಹೊತ್ತಿಕೊಂಡಿತು. ನೀನು ಬಾನೆಟ್ ಎತ್ತಿ, ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ನೀರು ಇಳಿಸಿದೆ. ಡೀಸೆಲ್‌ನಲ್ಲಿ ನೀರು ಸೇರಿದರೆ ಈ ದೀಪ ಬರುತ್ತದೆ ಎಂದು ನನಗೆ ಹೇಳಿಕೊಟ್ಟೆ. ಆಗಸ್ಟಿನಲ್ಲಿ ಮತ್ತೆ ಬಂತು, ಮತ್ತೆ ಇಳಿಸಿದೆ. ಬಂಕಿನಲ್ಲೇ ಏನೋ ಕಲಬೆರಕೆ ಇರಬೇಕೆಂದು ನಿಮ್ಮಣ್ಣನಿಗೂ ಹೇಳಿದೆ. ಸೊಸೈಟಿಯ ಲೆಕ್ಕ ಬರೆಯುವ ಅವರಿಗೆ ಗಾಡಿಯ ಮಾತು ಯಾವತ್ತೂ ಅರ್ಧ ಕಿವಿಗೆ ಮಾತ್ರ ಬೀಳುವುದು.

ಗಣೇಶನ ಹಬ್ಬದ ಮುಂಚಿನ ಗುರುವಾರ ನಡೆದದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ನಾನು ನೋಡಿದ್ದನ್ನು ಬರೆಯುತ್ತೇನೆ, ಯಾಕೆಂದರೆ ಅಂದು ನಾನು ಬಾಯಿ ತೆರೆಯಲಿಲ್ಲ. ನ್ಯಾಮತಿ ಇನ್ನೂ ಎರಡು ಮೈಲಿ ಇರುವಾಗ ಎಂಜಿನ್ ಎರಡು ಸಲ ಕೆಮ್ಮಿದಂತೆ ಮಾಡಿ ನಿಂತಿತು. ಹಿಂದಿನ ಸೀಟಿನಲ್ಲಿ ಅವ್ವ ನನ್ನ ತೋಳಿಗೆ ಒರಗಿದ್ದರು. ನೀನು ಇಳಿದು ಡೀಸೆಲ್ ಏರಿಸುವ ಕೈಪಂಪು ಒತ್ತಿದೆ, ಸ್ಟಾರ್ಟ್ ಮಾಡಿದೆ, ಮತ್ತೆ ಒತ್ತಿದೆ. ನಿನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು. ಹಾಲಿನ ವ್ಯಾನು ಸಿಕ್ಕಿ ನಾವು ಹೊನ್ನಾಳಿ ಮುಟ್ಟುವ ಹೊತ್ತಿಗೆ ಪಾಳಿ ದಾಟಿಹೋಗಿತ್ತು, ಅವ್ವನಿಗೆ ಆಕ್ಸಿಜನ್ ಹಾಕಿ ಮಲಗಿಸಿದರು. ಸಂಜೆ ಅವ್ವನನ್ನು ಅಲ್ಲಿನ ನರ್ಸಮ್ಮನಿಗೆ ಒಪ್ಪಿಸಿ, ನಿಮ್ಮಣ್ಣನನ್ನೂ ಕರೆಸಿಕೊಂಡು ನಾವು ಗಾಡಿಯ ಹತ್ತಿರ ಹೋದೆವು. ನ್ಯಾಮತಿಯ ಮೆಕ್ಯಾನಿಕ್ ಗಾಡಿಯಿಂದ ಇಳಿಸಿದ ನೀರನ್ನು ಬಾಟಲಿಯಲ್ಲಿ ಹಿಡಿದು ತೋರಿಸಿದಾಗ, ಇಷ್ಟು ನೀರು ತಾನಾಗಿ ಬರುವುದಿಲ್ಲ, ಯಾರೋ ಹಾಕಿದ್ದೇ ಸರಿ ಎಂದ. ಡೀಸೆಲ್ ತರುತ್ತಿದ್ದವನು ನೀನೊಬ್ಬನೇ. ನಿಮ್ಮಣ್ಣ ಅಷ್ಟು ಜನರ ಮುಂದೆ ಅಂದರು, ‘ಹೆತ್ತವ್ವ ಕೂರೋ ಗಾಡಿಗೆ ನೀರು ತುಂಬ್ಸಿ, ಡೀಸೆಲ್ ಮಾರ್ಕಂಡು ತಿಂತೀಯೇನೋ?’ ನೀನು ನನ್ನ ಕಡೆ ತಿರುಗಿ, ‘ಅತ್ತಿಗೆಮ್ಮ, ನೀವೇನಂತೀರಿ?’ ಎಂದು ಕೇಳಿದೆ. ನಾನು ನನ್ನ ಚಪ್ಪಲಿ ನೋಡಿದೆ. ಕೀಲಿಯನ್ನು ಬಾನೆಟ್ ಮೇಲಿಟ್ಟು ನೀನು ರಸ್ತೆಗಿಳಿದು ನಡೆದುಹೋದೆ. ಸ್ವಲ್ಪ ದೂರ ಹೋಗಿ ವಾಪಸ್ಸು ಬರುತ್ತೀಯೆಂದು ನಾವೆಲ್ಲ ಅಲ್ಲೇ ನಿಂತಿದ್ದೆವು.

ಹೊಸ ಫಿಲ್ಟರ್ ಹಾಕಿಸಿ, ಟ್ಯಾಂಕ್ ತೊಳೆಸಿ, ಗಾಡಿ ಮನೆಗೆ ಬಂತು. ದೀಪ ಆರಿತ್ತು. ನೀನು ಹೋದೆ, ದೀಪವೂ ಆರಿತು ಎಂದು ನಿಮ್ಮಣ್ಣ ಒಂದಲ್ಲ ಹತ್ತು ಸಲ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. ಅವರಿಗೆ ರಜೆ ಸಿಗದ ಕಾರಣ ಗಾಡಿ ಓಡಿಸುವುದು ನನ್ನ ಪಾಲಿಗೆ ಬಂತು, ಡೀಸೆಲ್ ತರುವುದು ಅವರ ಪಾಲಿಗೆ. ಮೂರನೇ ವಾರ, ಹೊನ್ನಾಳಿಯಿಂದ ಅವ್ವನನ್ನು ಕರೆದುಕೊಂಡು ಬರುವಾಗ, ದೀಪ ಹೊತ್ತಿಕೊಂಡಿತು. ಲಾಳಿಕೆಯಂಥ ಆ ಚಿಕ್ಕ ಹಳದಿ ಚಿತ್ರ ಕಂಡಾಗ ನನಗೆ ಗೇರ್ ಬದಲಿಸುವುದೇ ಮರೆತುಹೋಯಿತು. ಹಿಂದೆ ಅವ್ವ ನಿದ್ದೆ ಮಾಡುತ್ತಿದ್ದರು. ಅಲ್ಲಿಂದ ಮನೆಯವರೆಗೆ ನಾನು ರಸ್ತೆ ನೋಡಿದ್ದಕ್ಕಿಂತ ಆ ದೀಪ ನೋಡಿದ್ದೇ ಹೆಚ್ಚು. ನಿಂತುಬಿಡಬೇಡ, ನಿಂತುಬಿಡಬೇಡ ಎಂದು ಎಂಜಿನ್ನಿಗೆ ಹೇಳುತ್ತಲೇ ಬಂದೆ. ಪರಶು, ಆ ಕ್ಷಣದಲ್ಲೇ ನನಗೆ ತಿಳಿಯಬೇಕಿತ್ತಲ್ಲವೇ? ನೀನಿಲ್ಲದೆಯೂ ದೀಪ ಬಂತು ಅಂದರೆ ನೀನಲ್ಲ. ಹೊಳೆಯಿತು ಕೂಡ. ಆದರೆ ಹೆದರಿದ ಮನಸ್ಸು ಮೊದಲು ತನ್ನನ್ನು ಕಾಪಾಡಿಕೊಳ್ಳುತ್ತದೆ. ಹಳೆಯ ನೀರು ಎಲ್ಲೋ ಪೈಪಿನಲ್ಲಿ ಉಳಿದಿರಬೇಕು ಎಂದುಕೊಂಡೆ.

ಆಮೇಲಿನ ಒಂದು ತಿಂಗಳು ನಮ್ಮ ಮನೆಯಲ್ಲಿ ಡೀಸೆಲ್ ಬಿಟ್ಟರೆ ಬೇರೆ ಮಾತಿರಲಿಲ್ಲ. ನಿಮ್ಮಣ್ಣ ಬಂಕನ್ನು ಅನುಮಾನಿಸಿ ನ್ಯಾಮತಿ ಬಿಟ್ಟು ಹೊನ್ನಾಳಿಯಿಂದ ತಂದರು. ದೀಪ ಬಂತು. ಮಳೆಗೆ ಟ್ಯಾಂಕಿನ ಮುಚ್ಚಳದಿಂದ ನೀರು ಇಳಿಯುತ್ತಿರಬೇಕೆಂದು ಅಡಿಕೆ ಒಣಗಿಸುವ ಟಾರ್ಪಾಲು ತಂದು ಗಾಡಿಗೆ ಹೊದಿಸಿದೆವು, ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿದೆವು. ದೀಪ ಬಂತು. ನಾನೇ ಬಾನೆಟ್ ಎತ್ತಿ, ನೀನು ತೋರಿಸಿದ್ದ ತಿರುಪನ್ನು ಸಡಿಲಿಸಿ ನೀರು ಇಳಿಸಲು ಕಲಿತೆ. ಕೈಗೆ ಅಂಟಿದ ಆ ವಾಸನೆ ಸೋಪಿಗೂ ಹೋಗುವುದಿಲ್ಲ. ಲೈಬ್ರರಿಯ ಕೆಲಸದ ನಡುವೆ ಕವಿತೆ ಪುಸ್ತಕ ತೆರೆದರೆ ಹಾಳೆಗೂ ಡೀಸೆಲ್ ವಾಸನೆ. ಮೊದಲೆಲ್ಲ ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಎರಡು ಪದ್ಯ ಓದಿದರೆ ಮನಸ್ಸು ತಿಳಿಯಾಗುತ್ತಿತ್ತು. ಈಗ ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ. ಸೋಮವಾರ ಕಳೆದರೆ ಗುರುವಾರ, ಗುರುವಾರ ಕಳೆದರೆ ಸೋಮವಾರ. ಪ್ರತಿ ಸಲವೂ ಆ ನ್ಯಾಮತಿ ಹತ್ತಿರದ ತಿರುವು ದಾಟುವಾಗ ನಾನು ಉಸಿರು ಹಿಡಿಯುತ್ತಿದ್ದೆ. ಅಲ್ಲಿ ಗಾಡಿ ಇನ್ನೊಮ್ಮೆ ನಿಂತರೆ ಅವ್ವ ಹೊನ್ನಾಳಿ ಮುಟ್ಟುವುದಿಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು.

ದೀಪಾವಳಿ ಮುಗಿದ ಮೇಲೆ ಒಂದು ಮಂಗಳವಾರ ರಜೆ ಹಾಕಿ, ದೀಪ ಉರಿಯುತ್ತಿರುವಾಗಲೇ ನಾನೊಬ್ಬಳೇ ಚನ್ನಗಿರಿಗೆ ಗಾಡಿ ಓಡಿಸಿಕೊಂಡು ಹೋದೆ. ನಿನ್ನ ಗುರು ದುರುಗಪ್ಪನವರ ಗ್ಯಾರೇಜಿಗೆ. ದಾರಿಯುದ್ದಕ್ಕೂ ನಲವತ್ತು ದಾಟಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದರು. ದುರುಗಪ್ಪನವರು ನನ್ನನ್ನು ನೋಡಿದ ಕೂಡಲೇ ನಿನ್ನನ್ನೇ ಕೇಳಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಸ್ಟೂಲ್ ಮೇಲಿಂದ ಎದ್ದು ಕೈ ಒರೆಸಿಕೊಂಡರು. ‘ಆ ಹುಡ್ಗ ಎಂಟು ವರ್ಷ ನನ್ನ ಗಲ್ಲಾ ಪೆಟ್ಟಿಗೆ ಕೀಲಿ ಇಟ್ಕಂಡಿದ್ದ ಕಣ್ರಮ್ಮ’ ಎಂದರು, ಅಷ್ಟೇ. ಆಮೇಲೆ ದೀಪದ ಸೆನ್ಸರ್ ಕೆಟ್ಟಿದೆಯೇನೋ ಎಂದು ಮೊದಲು ಅದನ್ನೇ ಪರೀಕ್ಷಿಸಿದರು. ಕೆಟ್ಟಿರಲಿಲ್ಲ. ಫಿಲ್ಟರಿನಿಂದ ಇಳಿಸಿದ್ದನ್ನು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಇಟ್ಟರು. ಕಾಲು ಗಂಟೆಯಲ್ಲಿ ಮೇಲೆ ಹೊಂಬಣ್ಣದ ಡೀಸೆಲ್, ಕೆಳಗೆ ನೀರು, ನಡುವೆ ಕೂದಲೆಳೆಯಷ್ಟು ಗೆರೆ. ‘ಲೈಟು ಸುಳ್ಳು ಹೇಳಲ್ಲ. ಆದ್ರೆ ಯಾರು ಹಾಕಿದ್ರು ಅಂತನೂ ಹೇಳಲ್ಲ. ಅದನ್ನ ನೀವು ಹಿಂದಿಂದಕ್ಕೆ ಹುಡುಕ್ಕಂತ ಹೋಗ್ಬೇಕು. ಫಿಲ್ಟರಿಗೆ ಟ್ಯಾಂಕಿಂದ ಬಂತು. ಟ್ಯಾಂಕಿಗೆ ಎಲ್ಲಿಂದ ಬಂತು?’ ನಾನು ಕ್ಯಾನು ಎಂದೆ. ‘ಕ್ಯಾನಿಗೆ?’ ಬಂಕು ಎಂದೆ. ‘ನೋಡಿದ್ರಾ?’ ಎಂದರು. ನಾನು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ನಿಮ್ಮಣ್ಣ ನೋಡದೆ ಹೇಳಿದರು, ನಾನು ನೋಡದೆ ನಂಬಿದೆ.

ಬರುವಾಗ ನಿಮ್ಮಣ್ಣ ಕ್ಯಾನು ತುಂಬಿಸುವ ಬಂಕಿಗೇ ಹೋಗಿ ಒಂದು ಗಾಜಿನ ಬಾಟಲಿಗೆ ನೇರವಾಗಿ ಡೀಸೆಲ್ ಹಾಕಿಸಿಕೊಂಡೆ. ಆ ಬಂಕಿನ ಹುಡುಗಿ ಬಾಟಲಿಗೆ ಹಾಕುವುದಿಲ್ಲ ಎಂದಳು. ಪರೀಕ್ಷೆಗೆ ಬೇಕು ಎಂದರೆ ಯಾವ ಪರೀಕ್ಷೆ ಮೇಡಂ ಎಂದು ನಕ್ಕಳು. ಮನೆಯಲ್ಲಿ ನಿಮ್ಮಣ್ಣ ತುಂಬಿಸಿ ತಂದಿಟ್ಟಿದ್ದ ಕ್ಯಾನಿನ ತಳಕ್ಕೆ ಕೊಳವೆ ಇಳಿಸಿ ಇನ್ನೊಂದು ಬಾಟಲಿ ತುಂಬಿದೆ. ಮರುದಿನ ಬೆಳಿಗ್ಗೆ ಎರಡನ್ನೂ ಲೈಬ್ರರಿಯ ಕಿಟಕಿಯ ಮೇಲಿಟ್ಟೆ. ಪೇಪರ್ ಓದಲು ಬರುವ ರಂಗಣ್ಣ, ಇದೇನು ಮೇಡಂ, ಎಣ್ಣೆ ವ್ಯಾಪಾರನಾ ಎಂದು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಬಂಕಿನ ಬಾಟಲಿ ಮೇಲಿಂದ ಕೆಳಗೆ ಒಂದೇ ಬಣ್ಣ. ಕ್ಯಾನಿನ ಬಾಟಲಿಯ ಅಡಿಯಲ್ಲಿ ಎರಡು ಬೆರಳಷ್ಟು ನೀರು. ಅಂದರೆ ಬಂಕಿನವರ ತಪ್ಪಿಲ್ಲ, ಮಳೆಯ ತಪ್ಪಿಲ್ಲ. ನೀರು ನಮ್ಮ ಕ್ಯಾನಿನಲ್ಲೇ ಇತ್ತು. ಕ್ಯಾನು ಇರುವುದು ನಮ್ಮ ನಡುಮನೆಯ ಬಾಗಿಲ ಪಕ್ಕದಲ್ಲಿ. ಆ ಬಾಟಲಿಯನ್ನು ನೋಡುತ್ತಾ ಕೂತಾಗ ನನಗೆ ಒಂದು ಕ್ಷಣ ನಿಮ್ಮಣ್ಣನ ಮೇಲೇ ಅನುಮಾನ ಬಂತು. ನಿನ್ನ ಮೇಲೆ ಬಂದದ್ದು ಇವರ ಮೇಲೆ ಯಾಕೆ ಬರಬಾರದು? ಅನುಮಾನ ಎಷ್ಟು ಸುಲಭವಾಗಿ ಬರುತ್ತದೆ ನೋಡು.

ಅದಾಗಿ ಮೂರನೇ ದಿನ ಶುಕ್ರವಾರ. ಬೆಳಿಗ್ಗೆ ನಾನು ಹಿತ್ತಲಿನಿಂದ ಒಳಗೆ ಬರುತ್ತಿದ್ದೆ. ನಿಮ್ಮಣ್ಣ ಹೊರಗೆ ಬೈಕ್ ಸ್ಟಾರ್ಟ್ ಮಾಡಿ, ಅವ್ವಾ, ಕ್ಯಾನು ಕೊಡು ಎಂದು ಕೂಗಿದರು. ನೀನಿದ್ದಾಗಲೂ ಹಾಗೇ ಅಲ್ಲವೇ, ಕ್ಯಾನು ತಂದು ಕೈಗೆ ಕೊಡುವ ಕೆಲಸ ಅವ್ವನದೇ. ಇನ್ನೇನೂ ಮಾಡಲಾಗದ ನಾನು ಇಷ್ಟಾದರೂ ಮಾಡುತ್ತೇನೆ ಎನ್ನುತ್ತಿದ್ದರು. ಅವ್ವ ಕ್ಯಾನಿನ ಮುಚ್ಚಳ ತೆಗೆದರು. ಸೆರಗಿನ ಮರೆಯಿಂದ ತಮ್ಮ ನೀರಿನ ಬಾಟಲಿ ತೆಗೆದರು. ಡಾಕ್ಟರು ದಿನಕ್ಕೆ ಮುಕ್ಕಾಲು ಲೀಟರ್ ಮಾತ್ರ ಎಂದ ಮೇಲೆ ನಾನು ಕೆಂಪು ನೇಲ್ ಪಾಲಿಶಿನಲ್ಲಿ ಗೆರೆ ಎಳೆದು ಕೊಟ್ಟ ಬಾಟಲಿ ಅದು. ಅದರಿಂದ ಸರಿಯಾಗಿ ಒಂದು ಗೆರೆಯಷ್ಟು ನೀರನ್ನು ಕ್ಯಾನಿಗೆ ಸುರಿದರು. ಬಾಯಲ್ಲಿ ಏನೋ ಹೇಳಿಕೊಂಡು, ಮುಚ್ಚಳ ಬಿಗಿಮಾಡಿ, ಗೋಡೆ ಹಿಡಿದುಕೊಂಡು ಹೊಸಿಲವರೆಗೆ ಹೋಗಿ ಮಗನ ಕೈಗೆ ಕೊಟ್ಟರು. ‘ಬರಿಗ್ಯಾನು ಹಿಡ್ಕಂಡು ಹೊಸ್ಲು ದಾಟಬಾರ್ದಪ್ಪ. ಹುಷಾರಾಗಿ ಹೋಗಿ ಬಾ.’ ನಿಮ್ಮಣ್ಣ ಕೇಳಿಸಿಕೊಳ್ಳಲೂ ಇಲ್ಲ, ಹ್ಞೂಂ ಎಂದು ಹೋದರು.

ನಾನು ಅಲ್ಲೇ ಬಾಗಿಲಿಗೆ ಒರಗಿ ನಿಂತೆ. ನಾನು ಸೊಸೆಯಾಗಿ ಬಂದ ಮೊದಲ ವರ್ಷ ಬೀರಲಿಂಗಪ್ಪನವರ ಮನೆಗೆ ಮಜ್ಜಿಗೆ ಪಾತ್ರೆ ತೊಳೆದು ಖಾಲಿ ವಾಪಸ್ಸು ಕೊಟ್ಟುಬಂದಾಗ ಇದೇ ಅವ್ವ ನನಗೆ ಹೇಳಿಕೊಟ್ಟಿದ್ದರು: ಯಾರ ಕೈಗೂ ಖಾಲಿ ಪಾತ್ರೆ ಕೊಡಬಾರದು, ಏನೂ ಇಲ್ಲದಿದ್ದರೆ ಒಂದು ಗುಟುಕು ನೀರಾದರೂ ಇರಬೇಕು. ಅಂದಿನಿಂದ ಇಂದಿನವರೆಗೆ ನಾನೂ ಹಾಗೇ ಮಾಡುತ್ತಾ ಬಂದಿದ್ದೇನೆ. ಡೀಸೆಲ್ ಕ್ಯಾನು ಅವರ ಕಣ್ಣಿಗೆ ಪಾತ್ರೆಯೇ. ಮನೆ ಬಿಟ್ಟು ಹೊರಡುವ ಮಗನ ಕೈಗೆ ಕೊಡುವ ಪಾತ್ರೆ. ನೀಲಿ ಕ್ಯಾನು, ಒಳಗೇನಿದೆ ಎಂದು ಹೊರಗೆ ಕಾಣುವುದಿಲ್ಲ. ಬಂಕಿನವರು ಅದರ ಮೇಲೇ ಡೀಸೆಲ್ ತುಂಬುತ್ತಾರೆ. ವಾರಕ್ಕೆ ಎರಡು ಗೆರೆ ನೀರು, ಜೂನ್‌ನಿಂದ. ಅದೂ ಮನೆಯ ಕೊಡದ ನೀರಲ್ಲ ಪರಶು. ಕೊಡದ ತುಂಬ ನೀರಿದ್ದರೂ ಅವರು ಕೊಟ್ಟದ್ದು ತಮ್ಮ ಪಾಲಿನದು. ವಾರದಲ್ಲಿ ಎರಡು ದಿನ ಬೆಳಿಗ್ಗೆಯೇ ಅವರ ಬಾಟಲಿಯಲ್ಲಿ ಒಂದು ಗೆರೆ ಇಳಿದಿರುವುದನ್ನು ನಾನು ಎಷ್ಟು ಸಲ ನೋಡಿದ್ದೆ. ಎದ್ದ ಕೂಡಲೇ ಕುಡಿದುಬಿಟ್ಟರೆ ಸಂಜೆಗೇನು ಮಾಡುತ್ತೀರಿ ಎಂದು ಗದರಿಸಿಯೂ ಇದ್ದೆ. ಅವರು ತಪ್ಪಾಯಿತು ಎನ್ನುವಂತೆ ನಗುತ್ತಿದ್ದರು. ಸಂಜೆ ಒಣಗಿದ ತುಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದರು.

ನಿಮ್ಮಣ್ಣನಿಗೆ ಆ ದಿನವೇ ಸೊಸೈಟಿಗೆ ಹೋಗಿ ಹೇಳಿದೆ, ಅವ್ವನ ಕಿವಿಗೆ ಬೀಳಬಾರದೆಂದು. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, ಬಹಳ ಹೊತ್ತು ಹಾಗೇ ಮಾಡಿದರು. ಅವ್ವನಿಗೆ ಹೇಳುವುದು ಬೇಡ ಎಂದು ಇಬ್ಬರೂ ತೀರ್ಮಾನಿಸಿದೆವು. ಅವತ್ತಿನಿಂದ ಅವರು ಕ್ಯಾನು ತೆಗೆದುಕೊಂಡು ಹೊರಟು, ಹುಣಸೆಮರದ ತಿರುವಿನಲ್ಲಿ ಬೈಕ್ ನಿಲ್ಲಿಸಿ, ನೀರು ಚೆಲ್ಲಿ, ಬಟ್ಟೆಯಿಂದ ಕ್ಯಾನಿನ ಬಾಯಿ ಒರೆಸಿ ಮುಂದೆ ಹೋಗುತ್ತಾರೆ. ಒಂದು ದಿನ ಹಿಂದೆಯೇ ಬಂದ ನಾನು ನೋಡಿದೆ. ಚೆಲ್ಲುವ ಮೊದಲು ಅವರು ಸ್ವಲ್ಪ ಹೊತ್ತು ಕ್ಯಾನು ಹಿಡಿದುಕೊಂಡೇ ನಿಂತಿದ್ದರು. ನಿನ್ನನ್ನು ಹುಡುಕಲು ಅವರು ಎಲ್ಲೆಲ್ಲಿ ಹೋದರು, ಯಾರ್ಯಾರಿಗೆ ಫೋನು ಮಾಡಿದರು ಎಂದು ಬರೆಯುವುದಿಲ್ಲ, ಅವರಿಗೆ ಇಷ್ಟವಾಗುವುದಿಲ್ಲ. ನಿನ್ನ ಪ್ರಾಥಮಿಕ ಶಾಲೆಯ ಮೇಷ್ಟರನ್ನೂ ಬಿಟ್ಟಿಲ್ಲ ಎಂದು ಮಾತ್ರ ಹೇಳುತ್ತೇನೆ.

ಈಗ ನನ್ನ ವಿಷಯ. ನ್ಯಾಮತಿಯ ರಸ್ತೆಯಲ್ಲಿ ನೀನು ಕೇಳಿದೆಯಲ್ಲ, ನೀವೇನಂತೀರಿ ಎಂದು. ಅತ್ತಿಗೆ ಗಂಡನಿಗೆ ಹೆದರಿ ಸುಮ್ಮನಾದಳು ಎಂದು ನೀನು ಅಂದುಕೊಂಡಿದ್ದರೆ ಅದು ನನ್ನ ಮೇಲಿನ ಪ್ರೀತಿಯಿಂದ. ಹಾಗಲ್ಲ. ನಾನೂ ನಂಬಿದ್ದೆ. ಆರನೇ ಕ್ಲಾಸಿನ ಹುಡುಗನಾಗಿ ನನ್ನ ಕೈಯಲ್ಲಿ ತುತ್ತು ತಿಂದವನು, ಅವ್ವನಿಗೆ ಜ್ವರ ಬಂದರೆ ಗಾಡಿಯಲ್ಲೇ ಮಲಗುತ್ತಿದ್ದವನು, ಅವನು ಹೀಗೆ ಮಾಡಿರಬಹುದು ಎಂದು ಆ ಬಾಟಲಿಯ ನೀರನ್ನು ನೋಡಿ ನಂಬಿದೆ. ಇಷ್ಟು ವರ್ಷ ಪುಸ್ತಕಗಳ ನಡುವೆ ಕೂತು, ಮೇಲೆ ಕಾಣುವ ಮಾತಿನ ಕೆಳಗೆ ಇನ್ನೇನಿದೆ ಎಂದು ನೋಡುವುದನ್ನು ಕಲಿತೆನೆಂದು ನನಗೊಂದು ಜಂಬವಿತ್ತು. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ. ಕ್ಷಮಿಸು. ನೀನು ಕ್ಷಮಿಸದಿದ್ದರೂ ಬಾ. ಬಂದು ನಿಮ್ಮಣ್ಣನನ್ನು ಅಷ್ಟು ಜನರ ಮುಂದೆಯೇ ಕೇಳು, ನನ್ನನ್ನೂ ಕೇಳು. ಚಪ್ಪಲಿ ನೋಡದೆ ಉತ್ತರ ಕೊಡುತ್ತೇನೆ.

ಮೂಟೆ ಹೊರಬೇಡ. ಬಿಸಿನೀರಿನಲ್ಲಿ ಬೆನ್ನಿಗೆ ಶಾಖ ಕೊಡು. ಸಾವಂತ್ರಮ್ಮನ ಕೈಯಲ್ಲಿ ಶೇಂಗಾ ಹೋಳಿಗೆ ಕಳಿಸಿದ್ದೇನೆ, ಅವಳಿಗೂ ನಾಲ್ಕು ಕೊಡು, ದಾರಿಯಲ್ಲೇ ತಾನೇ ತೆಗೆದುಕೊಂಡಿರದಿದ್ದರೆ. ದೇವರು ನಿನ್ನನ್ನು ನೂರ್ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಅತ್ತಿಗೆ,
ಅರುಣಾ

ಕೊನೆಯಲ್ಲಿ ಬರೆಯುತ್ತೇನೆ ಎಂದದ್ದು: ಅವ್ವನಿಗೆ ಗೊತ್ತಾಗಿದೆ. ಭಾನುವಾರ ಸಾವಂತ್ರಮ್ಮನ ಮಾತು ಕೇಳಿ ಬಂದ ಮೇಲೆ ಹಿತ್ತಲಲ್ಲಿ ನಿಮ್ಮಣ್ಣ ತಡೆಯಲಾರದೆ, ‘ನೀರು ಹಾಕಿದ್ದು ಅವ್ವ, ಅನ್ನಿಸ್ಕಂಡಿದ್ದು ಅವನು’ ಎಂದುಬಿಟ್ಟರು. ಅವ್ವ ಬಾಗಿಲ ಹಿಂದೆ ಇದ್ದರು. ಒಂದೇ ಮಾತು ಕೇಳಿದರು, ‘ಆ ಒಂದು ಗುಟುಕು ನೀರಿಗೆ ಗಾಡಿ ನಿಲ್ತೈತೇನವ್ವ?’ ನಾನು ಸುಳ್ಳು ಹೇಳಲಾರದೆ ಹೋದೆ. ನಿನ್ನೆ ಬೆಳಿಗ್ಗೆ ಐದಕ್ಕೆ ಗಾಡಿಯನ್ನು ಬಾಗಿಲಿಗೆ ತಂದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಹತ್ತಲು ಒಪ್ಪಲಿಲ್ಲ. ‘ನನ್ ಮಗ ಓಡ್ಸಿದ್ರೆ ಹತ್ತೀನಿ. ಇಲ್ಲಾಂದ್ರೆ ಬ್ಯಾಡ.’ ನಿಮ್ಮಣ್ಣ ಕಾಲು ಹಿಡಿದರು. ಆಸ್ಪತ್ರೆಯ ನರ್ಸಮ್ಮನಿಂದ ಫೋನಿನಲ್ಲಿ ಹೇಳಿಸಿದೆ. ಆಗಲಿಲ್ಲ. ಸೋಮವಾರ ತಪ್ಪಿಹೋಯಿತು. ಕಾಲು ಮೊಳಕಾಲವರೆಗೆ ಬಾತಿದೆ, ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ಇದ್ದಾರೆ. ಗುರುವಾರವೂ ತಪ್ಪಿದರೆ ಉಳಿಯುವುದಿಲ್ಲವೆಂದು ನರ್ಸಮ್ಮ ನೇರವಾಗಿಯೇ ಹೇಳಿದ್ದಾರೆ. ನಿಮ್ಮಣ್ಣ ತಾವೇ ಸೊಕ್ಕೆಗೆ ಹೊರಟಿದ್ದರು, ನಾನೇ ತಡೆದೆ, ಅವ್ವನನ್ನು ಎತ್ತಿ ಕೂರಿಸಲು ನನ್ನೊಬ್ಬಳಿಂದ ಆಗುವುದಿಲ್ಲ. ಈ ಹಾಳೆಯ ಮೂಲೆಯಲ್ಲಿ ನಿಮ್ಮಣ್ಣ ಒಂದು ಸಾಲು ಬರೆದು ಹೊಡೆದುಹಾಕಿದ್ದಾರೆ. ಬೆಳಕಿಗೆ ಹಿಡಿದರೆ ಓದಬಹುದು, ಓದಿಕೋ. ಸಾವಂತ್ರಮ್ಮ ಹೊರಗೆ ಕೂಗುತ್ತಿದ್ದಾಳೆ. ನಾಳೆ ಸಂಜೆಯೊಳಗೆ ಬಂದುಬಿಡು. ಫಿಲ್ಟರಿನ ನೀರು ಇಳಿಸಿದ್ದೇನೆ, ಟ್ಯಾಂಕಿನಲ್ಲಿ ಈಗ ಬರೀ ಡೀಸೆಲ್ ಇದೆ, ದೀಪ ಆರಿದೆ, ಕೀಲಿ ಗಾಡಿಯಲ್ಲೇ ಇದೆ. ಕ್ಯಾನು ಹೊಸಿಲ ಪಕ್ಕದಲ್ಲಿ ಖಾಲಿ ಇದೆ. ಅವ್ವನ ಬಾಟಲಿ ಅದರ ಪಕ್ಕದಲ್ಲಿದೆ. ನಿನ್ನೆಯಿಂದ ಅದರಲ್ಲಿ ಒಂದು ಗೆರೆಯೂ ಇಳಿದಿಲ್ಲ.